ಸಣ್ಣ ಪ್ರಿಫ್ಯಾಬ್ ಮನೆ: ಮುಂಗಡ ಕೊಡುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ತೋಟದಲ್ಲೋ ಊರಿನ ನಿವೇಶನದಲ್ಲೋ ನಾಲ್ಕು ಚದರದ ಪುಟ್ಟ ಮನೆ ಬೇಕು ಅನ್ನಿಸಿದಾಗ ಈಗ ಬಹಳಷ್ಟು ಜನ ಮೇಸ್ತ್ರಿಗೆ ಹೇಳಿಕಳುಹಿಸುವ ಮೊದಲು ಮೊಬೈಲಿನಲ್ಲಿ ಪ್ರಿಫ್ಯಾಬ್ ಮನೆಗಳ ವಿಡಿಯೊ ನೋಡುತ್ತಾರೆ. ಲಾರಿ ಬರುತ್ತದೆ, ಕ್ರೇನ್ ಮನೆಯನ್ನು ಎತ್ತಿ ಇಳಿಸುತ್ತದೆ, ಸಂಜೆಗೆ ದೀಪ ಹತ್ತುತ್ತದೆ. ಅದು ಸುಳ್ಳಲ್ಲ. ಕಾರ್ಖಾನೆಯಲ್ಲಿ ತಯಾರಾದ ಮನೆ ಅಷ್ಟು ಬೇಗ ನಿಲ್ಲಬಲ್ಲದು. ಆದರೆ ಪಾಯ, ನೀರು, ಶೌಚಗುಂಡಿ, ವಿದ್ಯುತ್ ಸಂಪರ್ಕ, ಪಂಚಾಯಿತಿಯ ಪರವಾನಗಿ ಇವು ಯಾವುವೂ ಆ ಲಾರಿಯಲ್ಲಿ ಬರುವುದಿಲ್ಲ. ಪ್ರಿಫ್ಯಾಬ್ ಕೊಂಡು ಬೇಸರಪಟ್ಟವರ ಮಾತು ಕೇಳಿದರೆ, ನಾನು ಕಂಡ ಮಟ್ಟಿಗೆ, ಅವರ ದೂರು ಗೋಡೆ ಚಾವಣಿಗಳಿಗಿಂತ ಹೆಚ್ಚಾಗಿ ಲಾರಿಯಲ್ಲಿ ಬಾರದ ಈ ಸಂಗತಿಗಳ ಬಗ್ಗೆಯೇ ಇರುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಿಫ್ಯಾಬ್ ಮನೆಯ ದೊಡ್ಡ ಲಾಭ ಎಂದರೆ ಸಮಯ ಮತ್ತು ಖಚಿತತೆ. ಗಾರೆ ಕೆಲಸದವರು ಸಿಗದ ಊರಿನಲ್ಲಿ, ಮಳೆಗಾಲ ಹಿಡಿಯುವುದರೊಳಗೆ ಸೂರು ಬೇಕಾದವರಿಗೆ, ನಾಲ್ಕಾರು ವರ್ಷಗಳಲ್ಲಿ ಜಾಗ ತೆರವು ಮಾಡಬೇಕಾದವರಿಗೆ ಅದು ಒಳ್ಳೆಯ ದಾರಿ. ಅಗ್ಗವಾಗಿ ಮುಗಿಯುತ್ತದೆ ಎಂಬ ಒಂದೇ ಆಸೆಯಿಂದ ಹೊರಟವರ ಲೆಕ್ಕ ಮಾತ್ರ ಕೊನೆಗೆ ತಪ್ಪುತ್ತದೆ. ಆದ್ದರಿಂದ ಕಂಪನಿಗಳ ದರಪಟ್ಟಿ ತರಿಸುವ ಕೆಲಸವನ್ನು ಕೊನೆಗಿಟ್ಟು, ಕೆಳಗಿನ ಕ್ರಮದಲ್ಲಿ ಯೋಚಿಸಿ.

ಹಂತ 1: ಮನೆಯಲ್ಲಿ ಯಾರಿರುತ್ತಾರೆ, ಎಷ್ಟು ಕಾಲ?

ವಾರಾಂತ್ಯಕ್ಕೆ ಬಂದು ಹೋಗುವ ಮನೆಗೂ ವಯಸ್ಸಾದ ಅಪ್ಪ ಅಮ್ಮ ವರ್ಷವಿಡೀ ಇರುವ ಮನೆಗೂ ಬೇಕಾದ ಗುಣಗಳೇ ಬೇರೆ. ಮೊದಲನೆಯದಕ್ಕೆ ಒಳ್ಳೆಯ ಪೋರ್ಟಾ ಕ್ಯಾಬಿನ್, ಅಂದರೆ ಪೂರ್ತಿ ಸಿದ್ಧವಾಗಿ ಬರುವ ತಗಡಿನ ಕೋಣೆ, ಸಾಕು. ಎರಡನೆಯದಕ್ಕೆ ಮಧ್ಯಾಹ್ನದ ಸೆಕೆ, ರಾತ್ರಿಯ ಚಳಿ, ಬಚ್ಚಲಿಗೆ ಹೋಗುವ ಮೆಟ್ಟಿಲು, ದೇವರ ದೀಪ ಹಚ್ಚುವ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂದೆ ಮಕ್ಕಳಿಗೆ ಮದುವೆಯಾದಾಗ ಮೇಲೊಂದು ಅಂತಸ್ತು ಎತ್ತಬೇಕೆಂಬ ಆಲೋಚನೆ ಇದ್ದರೆ ಪೋರ್ಟಾ ಕ್ಯಾಬಿನ್, ಕಂಟೇನರ್, ಪಫ್ ಮನೆಗಳ (ಇವುಗಳ ವಿವರ ಹಂತ 3ರಲ್ಲಿದೆ) ಯೋಚನೆಯನ್ನು ಇಲ್ಲಿಯೇ ಬಿಡಿ. ಅವುಗಳ ಮೇಲೆ ಇನ್ನೊಂದು ಅಂತಸ್ತನ್ನು ಆಮೇಲೆ ಸೇರಿಸುವುದು ಸುಲಭವಲ್ಲ, ಸೇರಿಸಿದರೂ ಉಳಿತಾಯವೇನೂ ಆಗದು. ಹಳೆಯ ಆರ್‌ಸಿಸಿ ಮನೆಯ ತಾರಸಿಯ ಮೇಲೆ ಹಗುರವಾದ ಕೋಣೆ ಕೂರಿಸಬೇಕಿದ್ದರೆ ವಿಷಯ ಬೇರೆ. ಅಲ್ಲಿ ಪ್ರಿಫ್ಯಾಬ್‌ನ ಕಡಿಮೆ ತೂಕವೇ ಅದರ ಶಕ್ತಿ. ಹಾಗಿದ್ದರೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಹಳೆಯ ಕಂಬ, ತೊಲೆಗಳನ್ನು ನೋಡಲೇಬೇಕು.

ಹಂತ 2: ನೆಲದ ಕಾಗದ

ಮಾರಾಟಗಾರರು ಹೇಳುವ ಒಂದು ಮಾತನ್ನು ನಂಬಬೇಡಿ. “ಇದು ಎತ್ತಿ ಸಾಗಿಸಬಹುದಾದ ಮನೆ, ಇದಕ್ಕೆ ಪರವಾನಗಿ ಬೇಡ” ಎನ್ನುತ್ತಾರೆ. ಮನೆಗೆ ಚಕ್ರವಿದೆಯೇ, ಬೋಲ್ಟಿದೆಯೇ ಎಂದು ಸ್ಥಳೀಯ ಸಂಸ್ಥೆ ಕೇಳುವುದಿಲ್ಲ. ಕಟ್ಟಡ ಎಂಬುದಕ್ಕೆ ಪಂಚಾಯಿತಿ ಮತ್ತು ಪುರಸಭೆ ಕಾನೂನುಗಳು ಕೊಡುವ ವಿವರಣೆಯಲ್ಲಿ ಗುಡಿಸಲು, ಶೆಡ್ಡು, ಲೋಹದ ರಚನೆ ಎಲ್ಲವೂ ಸೇರುತ್ತವೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ನಿರ್ಮಾಣದ ಅನುಮತಿಯನ್ನು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ನೋಡಿಕೊಳ್ಳುತ್ತದೆ. ಇಟ್ಟಿಗೆ ಮನೆಗೆ ಸಲ್ಲಿಸುವಂತೆಯೇ ನಕ್ಷೆಯೊಂದಿಗೆ ಅರ್ಜಿ ಸಲ್ಲಿಸಿ.

ಜಾಗ ಗ್ರಾಮಠಾಣದ್ದೋ ಪರಿವರ್ತನೆಯಾದ ನಿವೇಶನವೋ ಆಗಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಯಲ್ಲಿರಲಿ. ಕೃಷಿ ಜಮೀನಾಗಿದ್ದರೆ ಸ್ವಲ್ಪ ನಿಧಾನಿಸಿ. 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಆಗಿನಿಂದ ನಗರದವರು ಅರ್ಧ ಎಕರೆ, ಒಂದು ಎಕರೆ ಕೊಂಡು ಅದರಲ್ಲಿ ಪ್ರಿಫ್ಯಾಬ್ ಇಡಲು ಬಯಸುವುದು ಹೆಚ್ಚಿದೆ. ಕೊಳ್ಳಲು ಅವಕಾಶವಿದೆ ಎಂದರೆ ಕಟ್ಟಲೂ ಅವಕಾಶವಿದೆ ಎಂದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಪ್ರಕರಣದ ಪ್ರಕಾರ ಕೃಷಿ ಜಮೀನಿನಲ್ಲಿ ಸ್ವಂತ ಬಳಕೆಯ ತೋಟದ ಮನೆ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇಕಡಾ 10ನ್ನು ಮೀರಬಾರದು, ಅದರ ಮೇಲೆ ನಿಯಮಗಳು ವಿಧಿಸುವ ಗರಿಷ್ಠ ಮಿತಿಯೂ ಉಂಟು. ಅದೇ ಮನೆಯನ್ನು ಹೋಂಸ್ಟೇ ಮಾಡಿ ಬಾಡಿಗೆಗೆ ಬಿಡಬೇಕೆಂದಿದ್ದರೆ ಭೂಪರಿವರ್ತನೆಯ ದಾರಿ ಹಿಡಿಯಬೇಕು. ಕಾಡಂಚಿನ ಜಮೀನು, ಕೆರೆಯ ಬಫರ್ ವಲಯ, ಕರಾವಳಿ ನಿಯಂತ್ರಣ ವಲಯಗಳಿಗೆ ಪ್ರತ್ಯೇಕ ನಿಯಮಗಳಿವೆ. ತಹಶೀಲ್ದಾರ್ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ.

ಕಾಗದದ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣ ವಿದ್ಯುತ್ ಸಂಪರ್ಕ. ಪರವಾನಗಿ ಮತ್ತು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ನಂತರ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಇದನ್ನು ಗಟ್ಟಿಯಾಗಿ ಹಿಡಿದವು. ಆಮೇಲೆ ರಾಜ್ಯ ಸರ್ಕಾರ ಸಣ್ಣ ನಿವೇಶನಗಳ ಮನೆಗಳಿಗೆ ವಿನಾಯಿತಿ ಪ್ರಕಟಿಸಿತು. ನಿಮ್ಮ ಜಾಗ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದನ್ನು ನಿಮ್ಮ ಭಾಗದ ಬೆಸ್ಕಾಂ, ಮೆಸ್ಕಾಂ ಅಥವಾ ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಮನೆ ಒಂದೇ ದಿನದಲ್ಲಿ ನಿಂತು ವಿದ್ಯುತ್ತಿಗಾಗಿ ತಿಂಗಳುಗಟ್ಟಲೆ ಕಾಯುವುದಾದರೆ ಬೇಗ ನಿಲ್ಲುವ ಮನೆಯಿಂದ ಆದ ಲಾಭವೇನು?

ಹಂತ 3: ಯಾವ ಬಗೆಯ ಪ್ರಿಫ್ಯಾಬ್?

ಪ್ರಿಫ್ಯಾಬ್ ಎಂಬ ಒಂದೇ ಹೆಸರಿನಲ್ಲಿ ತೀರಾ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಬೆಲೆ ಹೋಲಿಸುವಾಗ ಗೊಂದಲವಾಗುವುದು ಇದರಿಂದಲೇ.

ಪೋರ್ಟಾ ಕ್ಯಾಬಿನ್ ಎಂದರೆ ಕಬ್ಬಿಣದ ಚೌಕಟ್ಟು, ಹೊರಗೆ ತಗಡು, ನಡುವೆ ಶಾಖನಿರೋಧಕ, ಒಳಗೆ ಪ್ಲೈವುಡ್ ಅಥವಾ ಪಿವಿಸಿ ಹಲಗೆ. ಕಾರ್ಖಾನೆಯಿಂದ ಪೂರ್ತಿ ಸಿದ್ಧವಾಗಿಯೇ ಬರುತ್ತದೆ. ನಿಜಕ್ಕೂ ಎತ್ತಿ ಬೇರೆ ಕಡೆ ಇಡಬಹುದಾದದ್ದು ಇದು ಮತ್ತು ಕಂಟೇನರ್ ಮಾತ್ರ. ಉಳಿದವುಗಳನ್ನು ಸ್ಥಳದಲ್ಲೇ ಜೋಡಿಸುತ್ತಾರೆ. ಬಿಚ್ಚಿ ಮತ್ತೆ ಕಟ್ಟಬಹುದು ಎಂದು ಹೇಳಿದರೂ ಬಿಚ್ಚುವಾಗ ತಿರುಪಿನ ತೂತುಗಳು ಸಡಿಲವಾಗುತ್ತವೆ, ಅಂಚುಗಳು ನಜ್ಜಾಗುತ್ತವೆ, ಸಂದುಗಳ ಸೀಲೆಂಟ್ ಹೊಸದಾಗಿ ಹಾಕಬೇಕಾಗುತ್ತದೆ.

ಹಡಗಿನ ಕಂಟೇನರ್‌ನಿಂದ ಮಾಡಿದ ಮನೆ ನೋಡಲು ಚೆಂದ, ಚೌಕಟ್ಟು ಬಲು ಗಟ್ಟಿ. ಅಳತೆಯನ್ನು ಮಾತ್ರ ಮರೆಯಬೇಡಿ. ಹೊರಗೆ 8 ಅಡಿ ಅಗಲವಿರುವ ಕಂಟೇನರ್‌ನ ಒಳಗಲ ಸುಮಾರು 2.35 ಮೀಟರ್. ಸಾಮಾನ್ಯ ಕಂಟೇನರ್‌ನ ಒಳ ಎತ್ತರವೂ 2.4 ಮೀಟರ್ ಮುಟ್ಟುವುದಿಲ್ಲ. ಶಾಖನಿರೋಧಕ ಮತ್ತು ಒಳಹಲಗೆ ಹಾಕಿದ ಮೇಲೆ ಸಿಗುವುದು ಹೆಚ್ಚೆಂದರೆ ಏಳು ಅಡಿ ಅಗಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.4 ಮೀಟರ್ ಅಗಲ, 9.5 ಚದರ ಮೀಟರ್ ವಿಸ್ತೀರ್ಣ, 2.75 ಮೀಟರ್ ಎತ್ತರ ಇರಬೇಕೆನ್ನುತ್ತದೆ. ಒಂದೇ ಕಂಟೇನರ್‌ನಲ್ಲಿ ಈ ಅಳತೆಗಳು ಸಿಗುವುದಿಲ್ಲ. ಎರಡು ಕಂಟೇನರ್‌ಗಳನ್ನು ಅಕ್ಕಪಕ್ಕ ಇಟ್ಟು ನಡುಗೋಡೆ ಕತ್ತರಿಸಿದರೆ ಅಗಲ ಸಿಗುತ್ತದೆ, ಆದರೆ ಕತ್ತರಿಸಿದಷ್ಟೂ ಅದರ ಬಲ ಕುಗ್ಗುತ್ತದೆ. ಅಲ್ಲಿ ಹೊಸ ತೊಲೆ ಕೊಡಬೇಕು. ಹಳೆಯ ಕಂಟೇನರ್‌ನ ಮರದ ನೆಲಕ್ಕೆ ಕೀಟನಾಶಕ ಹಾಕಿರುತ್ತಾರೆ. ಅದನ್ನು ತೆಗೆಸಿ ಹೊಸ ಹಲಗೆ ಹಾಕಿಸುವುದು ಒಳ್ಳೆಯದು.

ಪಫ್ ಪ್ಯಾನೆಲ್ ಮನೆ ಎಂದರೆ ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಹಲಗೆಗಳ ಗೋಡೆ. ಶೀತಲಗೃಹಗಳಿಗೆ ಬಳಸುವ ವಸ್ತುವೇ ಇದು. ಶಾಖ ತಡೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಅಷ್ಟೇ ದಪ್ಪದ ಇಟ್ಟಿಗೆಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ತಡೆಯುತ್ತದೆ. ಅಗ್ಗದ ಪ್ಯಾನೆಲ್‌ಗಳಲ್ಲಿ ಪಫ್ ಬದಲು ಥರ್ಮೋಕೋಲ್ ಇರುತ್ತದೆ, ತುಂಡು ಮಾಡಿ ನೋಡದೆ ತಿಳಿಯುವುದಿಲ್ಲ. ದಪ್ಪ, ಸಾಂದ್ರತೆ ಎರಡನ್ನೂ ಕೇಳಿ. ಘನ ಮೀಟರಿಗೆ 40 ಕಿಲೊ ಆಸುಪಾಸಿನ ಸಾಂದ್ರತೆ ಒಳ್ಳೆಯ ಪಫ್‌ನ ಗುರುತು. ದೊಡ್ಡ ದೋಷವೆಂದರೆ ಬೆಂಕಿ. ಪಫ್ ಹೊತ್ತಿಕೊಂಡರೆ ಏಳುವ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲವಿರುತ್ತದೆ. ಅಡುಗೆಮನೆಯ ಗೋಡೆಗಾದರೂ ಉರಿಯದ ರಾಕ್‌ವೂಲ್ (ಕಲ್ಲಿನ ನಾರು) ತುಂಬಿದ ಪ್ಯಾನೆಲ್ ಹಾಕಿಸಿ ಎಂಬುದು ನನ್ನ ಒತ್ತಾಯ.

ಎಲ್‌ಜಿಎಸ್‌ಎಫ್ ಎಂದು ಕರೆಯುವ ಹಗುರ ಉಕ್ಕಿನ ಚೌಕಟ್ಟಿನ ಮನೆಗಳಲ್ಲಿ ಕಲಾಯಿ ಉಕ್ಕಿನ ಅಸ್ಥಿಪಂಜರಕ್ಕೆ ಎರಡೂ ಕಡೆ ಸಿಮೆಂಟ್ ಬೋರ್ಡ್ ಹೊಡೆದು ನಡುವೆ ರಾಕ್‌ವೂಲ್ ತುಂಬುತ್ತಾರೆ. ಪುಟ್ಟಿ, ಬಣ್ಣ ಆದ ಮೇಲೆ ಇಟ್ಟಿಗೆ ಮನೆಯಂತೆಯೇ ಕಾಣುತ್ತದೆ. ವರ್ಷವಿಡೀ ವಾಸಿಸುವ ಮನೆಗೆ ಪ್ರಿಫ್ಯಾಬ್‌ನಲ್ಲೇ ಏನಾದರೂ ಆರಿಸಬೇಕಿದ್ದರೆ ನಾನು ಇದನ್ನು ಅಥವಾ ಪ್ರಿಕಾಸ್ಟ್, ಅಂದರೆ ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದ, ಕಾಂಕ್ರೀಟ್ ಗೋಡೆಯ ಮನೆಯನ್ನು ಆರಿಸುತ್ತೇನೆ. ಇವೆರಡೂ ಪೋರ್ಟಾ ಕ್ಯಾಬಿನ್‌ನಷ್ಟು ಅಗ್ಗವಲ್ಲ, ಅಷ್ಟು ಬೇಗ ಮುಗಿಯುವುದೂ ಇಲ್ಲ.

ಕಾರ್ಖಾನೆಯಲ್ಲಿ ಮಾಡಿದ ಮನೆ ಎಂದರೆ ಕೀಳು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ, ಅದು ಸರಿಯಲ್ಲ. ದೇಶ ವಿಭಜನೆಯ ನಂತರ ನಿರಾಶ್ರಿತರಿಗೆ ಮನೆ ಒದಗಿಸಲೆಂದು ದೆಹಲಿಯಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಆಯಿತು. ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದ ಲೈಟ್ ಹೌಸ್ ಎಂಬ ಮಾದರಿ ವಸತಿ ಯೋಜನೆಗಳಲ್ಲಿ ಚೆನ್ನೈನ 1,152 ಮನೆಗಳನ್ನು ಪ್ರಿಕಾಸ್ಟ್ ಕಾಂಕ್ರೀಟಿನಿಂದ ಕಟ್ಟಿ 2022ರ ಮೇ ತಿಂಗಳಲ್ಲಿ ಉದ್ಘಾಟಿಸಲಾಯಿತು. ಅಗರ್ತಲಾದಲ್ಲಿ ಹಗುರ ಉಕ್ಕಿನ ಚೌಕಟ್ಟು, ಇಂದೋರ್‌ನಲ್ಲಿ ಸ್ಯಾಂಡ್‌ವಿಚ್ ಪ್ಯಾನೆಲ್ ಬಳಸಿದರು. ತಂತ್ರಜ್ಞಾನ ಗಟ್ಟಿಯಾದದ್ದೇ. ಅದನ್ನು ನಿಮ್ಮ ತೋಟಕ್ಕೆ ತಂದು ಜೋಡಿಸುವ ಕೈ ಎಂಥದ್ದು ಎಂಬುದೇ ಪ್ರಶ್ನೆ.

ಹಂತ 4: ನಿಮ್ಮ ಊರಿನ ಮಳೆ, ಬಿಸಿಲು, ಗಾಳಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಆಸುಪಾಸು. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಈ ಎಲ್ಲ ಊರುಗಳಿಗೂ ಒಂದೇ ಮಾದರಿಯ ಮನೆಯನ್ನು ಒಂದೇ ಕಂಪನಿ ಕಳುಹಿಸುತ್ತಿರುತ್ತದೆ. ಅದನ್ನು ನಿಮ್ಮ ಊರಿಗೆ ಹೊಂದಿಸಿಕೊಳ್ಳುವ ಜವಾಬ್ದಾರಿ ನಿಮ್ಮ ಮೇಲೆಯೇ ಬೀಳುತ್ತದೆ.

ಮಲೆನಾಡಿನವರು ಮೊದಲು ಚಾವಣಿಯನ್ನು ನೋಡಬೇಕು. ಪೋರ್ಟಾ ಕ್ಯಾಬಿನ್‌ಗಳ ಸೂರು ಹೆಚ್ಚುಕಡಿಮೆ ಚಪ್ಪಟೆ, ಗೋಡೆಯಾಚೆ ಚಾಚುವುದೂ ಇಲ್ಲ. ಆರು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ನೀರು ನೇರವಾಗಿ ಗೋಡೆಗೆ, ಕಿಟಕಿಯ ಸಂದಿಗೆ ಬೀಳುತ್ತದೆ. ಸೀಲೆಂಟ್ ಒಂದೆರಡು ಮಳೆಗಾಲ ತಡೆದೀತು, ಆಮೇಲೆ ಸೋರಿಕೆ ಶುರು. ತಾರಸಿ ಮನೆಗಳ ಮೇಲೂ ಶೀಟಿನ ಹೊದಿಕೆ ಹಾಕಿಸಿಕೊಳ್ಳುವ ರೂಢಿ ಮಲೆನಾಡಿನಲ್ಲಿದೆ. ಪ್ರಿಫ್ಯಾಬ್‌ಗೂ ಅದನ್ನೇ ಮಾಡಿ. ಪ್ರತ್ಯೇಕ ಕಂಬಗಳ ಮೇಲೆ ಇಳಿಜಾರಾದ ಎರಡನೇ ಚಾವಣಿ ಹಾಕಿಸಿ, ಅದು ನಾಲ್ಕೂ ಕಡೆ ಮೂರಡಿಯಾದರೂ ಹೊರಚಾಚಲಿ, ಎರಡು ಚಾವಣಿಗಳ ನಡುವೆ ಗಾಳಿಯಾಡಲಿ. ಮಳೆ ಗೋಡೆಗೆ ತಾಕುವುದಿಲ್ಲ, ಬೇಸಿಗೆಯ ಬಿಸಿಲು ನೇರವಾಗಿ ಮನೆಯ ಮೇಲೆ ಬೀಳುವುದಿಲ್ಲ, ಮುಂದೊಂದು ಜಗಲಿಯೂ ಸಿಗುತ್ತದೆ. ಈ ಒಂದು ಖರ್ಚಿನಿಂದ ಮನೆಯ ಆಯಸ್ಸು ಹೆಚ್ಚುವಷ್ಟು ಬೇರೆ ಯಾವುದರಿಂದಲೂ ಹೆಚ್ಚುವುದಿಲ್ಲ. ತಗಡಿನ ಮೇಲೆ ಮಳೆ ಬೀಳುವ ಸದ್ದನ್ನೂ ಇದು ಮನೆಯಿಂದ ಕೊಂಚ ದೂರ ಇಡುತ್ತದೆ. ಮಂಗಗಳು ಹಾರಾಡುವ ಊರಾದರೆ ನಜ್ಜಾಗುವುದು ಮೇಲಿನ ಶೀಟು, ಮನೆಯದಲ್ಲ.

ಮಡಿಕೇರಿ, ಮೂಡಿಗೆರೆ ಕಡೆಯ ಇನ್ನೊಂದು ತೊಂದರೆ ತೇವ. ತಣ್ಣಗಾದ ಲೋಹಕ್ಕೆ ಒಳಗಿನ ಬೆಚ್ಚನೆಯ ಗಾಳಿ ತಾಕಿದಾಗ ಹನಿಗಟ್ಟುತ್ತದೆ, ಪ್ಲೈವುಡ್ ಹಿಂದೆ ಬೂಸು ಬೆಳೆಯುತ್ತದೆ. ತೆರೆಯಬಲ್ಲ ಕಿಟಕಿಗಳು ಎದುರುಬದುರು ಇರಲಿ, ಚಾವಣಿಯ ಹತ್ತಿರ ಗಾಳಿ ಹೋಗುವ ಕಿಂಡಿ ಇರಲಿ. ಒಳಗೆ ಪ್ಲೈವುಡ್ ಬದಲು ಸಿಮೆಂಟ್ ಬೋರ್ಡ್ ಕೇಳಿ.

ಬಯಲುಸೀಮೆಯ ಸಮಸ್ಯೆ ಬೇರೆ. ಪಫ್ ಗೋಡೆ ಶಾಖ ತಡೆಯುತ್ತದೆ ನಿಜ, ಆದರೆ ಮಣ್ಣಿನ ಗೋಡೆಯಂತೆ ತಂಪನ್ನು ಹಿಡಿದಿಡುವುದಿಲ್ಲ. ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದರೆ ಕೋಣೆ ಬಹುಬೇಗ ಕಾಯುತ್ತದೆ. ರಾತ್ರಿ ಕಿಟಕಿ ತೆರೆದರೆ ಅಷ್ಟೇ ಬೇಗ ತಣಿಯುವುದು ಸಮಾಧಾನದ ಸಂಗತಿ. ಪಶ್ಚಿಮಕ್ಕೆ ಕಿಟಕಿ ಬೇಡ, ಬೇಕೇಬೇಕೆಂದರೆ ಸಣ್ಣದಿರಲಿ. ಮನೆ ಕೂರಿಸುವ ದಿಕ್ಕನ್ನು ವಾಸ್ತುವಿನ ಜೊತೆಗೆ ಸೂರ್ಯನ ದಾರಿಯನ್ನೂ ನೋಡಿ ತೀರ್ಮಾನಿಸಿ. ಹತ್ತಿರದಲ್ಲೊಂದು ಹೊಂಗೆ ಮರವಿದ್ದರೆ ಅದರ ಪೂರ್ವಕ್ಕೆ ಇಡಿಸಿ, ಮಧ್ಯಾಹ್ನದ ನಂತರದ ನೆರಳು ಮನೆಗೆ ಸಿಗುತ್ತದೆ.

ಕರಾವಳಿಯವರಿಗೆ ನನ್ನ ಸಲಹೆ ನೇರ: ಸಮುದ್ರಕ್ಕೆ ಹತ್ತಿರವಿದ್ದರೆ ತಗಡಿನ ಮನೆ ಬೇಡ. ಉಪ್ಪುಗಾಳಿ ತಿರುಪಿನ ತಲೆಯಿಂದ, ಕತ್ತರಿಸಿದ ಅಂಚಿನಿಂದ ತುಕ್ಕು ಹಿಡಿಸಲು ಆರಂಭಿಸುತ್ತದೆ. ಮುರಕಲ್ಲು ಸಿಗುವ ಜಿಲ್ಲೆಗಳಲ್ಲಿ ಕಲ್ಲಿನ ಗೋಡೆ, ಹಂಚಿನ ಮಾಡು ಈಗಲೂ ಒಳ್ಳೆಯ ಆಯ್ಕೆ. ಪ್ರಿಫ್ಯಾಬ್ ಮಾಡಿಸಲೇಬೇಕಾದರೆ ಚದರ ಮೀಟರಿಗೆ 275 ಗ್ರಾಂ ಸತುವಿನ ಲೇಪನವಿರುವ ಉಕ್ಕು, ಸ್ಟೇನ್‌ಲೆಸ್ ತಿರುಪುಗಳು ಬೇಕೆಂದು ಕರಾರಿನಲ್ಲೇ ಬರೆಸಿ. ಗಾಳಿಯ ವೇಗಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಹಿಡಿಯುತ್ತದೆ. ಹಗುರವಾದ ಮನೆಗೆ ಈ ವ್ಯತ್ಯಾಸ ದೊಡ್ಡದು. ಪಾಯಕ್ಕೆ ಬೋಲ್ಟ್ ಹಾಕಿ ಬಿಗಿಯದೆ ಸುಮ್ಮನೆ ಕಲ್ಲುಗಳ ಮೇಲೆ ಇಟ್ಟು ಹೋಗಲು ಬಿಡಬೇಡಿ.

ಹಂತ 5: ದಾರಿ ಮತ್ತು ಪಾಯ

ಮನೆ ಬರುವ ದಾರಿಯಲ್ಲಿ ಮುಖ್ಯರಸ್ತೆಯಿಂದ ಜಾಗದವರೆಗೆ ಒಮ್ಮೆ ನಡೆದು ನೋಡಿ. 40 ಅಡಿ ಉದ್ದದ ಟ್ರೇಲರ್ ತಿರುವಿನಲ್ಲಿ ತಿರುಗುತ್ತದೆಯೇ? ಅಡ್ಡ ಹಾದ ವಿದ್ಯುತ್ ತಂತಿಗಳ ಎತ್ತರವೆಷ್ಟು? ಕಾಲುವೆಯ ಮೇಲಿನ ಮೋರಿ ತೂಕ ತಡೆಯುತ್ತದೆಯೇ? ಹೈಡ್ರಾ ಕ್ರೇನ್ ನಿಲ್ಲಲು ಗಟ್ಟಿ ನೆಲವಿದೆಯೇ? 20 ಅಡಿಯ ಖಾಲಿ ಕಂಟೇನರ್ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ, 40 ಅಡಿಯದು ನಾಲ್ಕು ಟನ್ನಿನ ಹತ್ತಿರ. ಕಾಫಿ ತೋಟದ ಕಿರಿದಾದ ಏರುದಾರಿಗಳಲ್ಲಿ ಇದು ಆಗದ ಮಾತು. ಅಂಥ ಕಡೆ ಸಣ್ಣ ವಾಹನದಲ್ಲಿ ಬಿಡಿಭಾಗ ತಂದು ಜೋಡಿಸುವ ಮಾದರಿಯನ್ನೇ ಆರಿಸಬೇಕು.

ಪಾಯದ ವಿಷಯದಲ್ಲಿ ಮನೆ ಹಗುರ, ಹೇಗಿಟ್ಟರೂ ನಡೆಯುತ್ತದೆ ಎಂಬ ಉದಾಸೀನ ಬೇಡ. ಎರೆಮಣ್ಣಿನ ನೆಲದಲ್ಲಿ ಹಗುರವಾದ ಮನೆಗೇ ಅಪಾಯ ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಒಂದು ಮೂಲೆಯನ್ನು ಎತ್ತಿ ಬಾಗಿಲು ಕಿಟಕಿಗಳು ಮುಚ್ಚದಂತೆ ಮಾಡುತ್ತದೆ. ಮೇಲಿನ ಎರೆಮಣ್ಣು ತೆಗೆದು ಗರಸು ತುಂಬಿ ದಮ್ಮಸು ಮಾಡಿಸಿ, ಮನೆಯ ಸುತ್ತ ನೀರು ನಿಲ್ಲದಂತೆ ಚರಂಡಿ ಮಾಡಿಸಿ. ಎಲ್ಲ ಕಡೆಯೂ ಮನೆಯ ತಳ ನೆಲಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಮೇಲಿರಲಿ, ಕೆಳಗೆ ಗಾಳಿಯಾಡಲಿ. ಆ ಸಂದಿಗೆ ಜಾಲರಿ ಹೊಡೆಸಿ. ಹೆಗ್ಗಣ ಇಲಿಗಳು ಥರ್ಮೋಕೋಲ್ ಪಫ್ ಎರಡನ್ನೂ ಕೊರೆಯುತ್ತವೆ, ಇರುವೆಗಳು ಅದರೊಳಗೆ ಗೂಡು ಕಟ್ಟುತ್ತವೆ.

ಹಂತ 6: ಬಚ್ಚಲು, ಒಲೆ, ವಿದ್ಯುತ್

ಪ್ರಿಫ್ಯಾಬ್ ಮನೆ ಮೊದಲು ಹಾಳಾಗುವುದು ಬಚ್ಚಲಿನ ನೆಲದಲ್ಲಿ. ಹಲಗೆಯ ಮೇಲೆ ವಿನೈಲ್ ಹಾಸು ಅಂಟಿಸಿ ಕೊಟ್ಟಿರುತ್ತಾರೆ. ಬಕೆಟ್ಟಿನಲ್ಲಿ ನೀರು ತುಂಬಿ ಚೊಂಬಿನಿಂದ ಹೊಯ್ದುಕೊಳ್ಳುವ ನಮ್ಮ ಸ್ನಾನಕ್ಕೆ ಅದು ತಡೆಯುವುದಿಲ್ಲ. ನೀರು ಸಂದಿಯಲ್ಲಿ ಇಳಿದು ಅಡಿಯ ಚೌಕಟ್ಟು ತುಕ್ಕು ಹಿಡಿಯುತ್ತದೆ. ಸಾಧ್ಯವಿದ್ದವರೆಲ್ಲರೂ ಬಚ್ಚಲು ಶೌಚಾಲಯಗಳನ್ನು ಪಕ್ಕದಲ್ಲಿ ಇಟ್ಟಿಗೆ ಅಥವಾ ಬ್ಲಾಕಿನಲ್ಲಿ ಪ್ರತ್ಯೇಕ ಕಟ್ಟಿಸಿ, ಎರಡನೇ ಚಾವಣಿಯಡಿಗೆ ಸೇರಿಸಿಕೊಳ್ಳಿ. ಬಚ್ಚಲುಮನೆ ಹೊರಗಿರುವುದು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಹಂಡೆಯ ಕೆಳಗೆ ಸೌದೆ ಉರಿಸುವ ಅಭ್ಯಾಸವಿರುವವರಿಗಂತೂ ಬೇರೆ ದಾರಿಯೇ ಇಲ್ಲ. ಪಫ್ ಗೋಡೆಯ ಪಕ್ಕ ಬೆಂಕಿ ಇರಕೂಡದು. ಗ್ಯಾಸ್ ಸಿಲಿಂಡರ್ ಹೊರಗಿರಲಿ, ದೇವರ ದೀಪದ ಹಿಂದೆ ಟೈಲ್ಸ್ ಅಥವಾ ಕಡಪಾ ಕಲ್ಲು ಇರಲಿ.

ವಿದ್ಯುತ್ತಿನ ವಿಷಯದಲ್ಲಿ ಒಂದು ಪೈಸೆಯನ್ನೂ ಉಳಿಸಬೇಡಿ. ಇಡೀ ಮನೆ ಲೋಹ. ಒಂದು ತಂತಿಯ ಹೊದಿಕೆ ಚೌಕಟ್ಟಿಗೆ ಉಜ್ಜಿ ಸವೆದರೆ ಗೋಡೆ, ಬಾಗಿಲು, ಕಿಟಕಿಯ ಸರಳು ಎಲ್ಲದರಲ್ಲೂ ವಿದ್ಯುತ್ ಹರಿಯುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವ ಮಗುವನ್ನು ನೆನಪಿಟ್ಟುಕೊಳ್ಳಿ. ತಂತಿಗಳು ಕೊಳವೆಯೊಳಗೇ ಇರಬೇಕು, ಚೌಕಟ್ಟಿಗೆ ಎರಡು ಕಡೆ ಪ್ರತ್ಯೇಕ ಅರ್ಥಿಂಗ್ ಬೇಕು, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಅಳೆಸಿದ ಮೇಲೆಯೇ ಒಳಗೆ ಕಾಲಿಡಿ.

ಹಂತ 7: ನಿಜವಾದ ಬೆಲೆ

ಈಗ ದರಪಟ್ಟಿ ತರಿಸಿ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ವಿಧಾನ ತಿಳಿಯಲೆಂದು ಮಾತ್ರ, ನಿಮ್ಮ ಊರಿನ ದರವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ.

400 ಚದರ ಅಡಿಯ ಮನೆ, ಚದರ ಅಡಿಗೆ 1,600 ರೂಪಾಯಿ: 6,40,000
ಶೇಕಡಾ 18 ಜಿಎಸ್‌ಟಿ: 1,15,200
ಸಾಗಣೆ, ಕ್ರೇನ್: 45,000
ಪಾಯ: 1,00,000
ಶೌಚಗುಂಡಿ, ಇಂಗುಗುಂಡಿ, ಕೊಳವೆ: 80,000
ನೀರಿನ ಟ್ಯಾಂಕು, ಪಂಪು: 40,000
ವಿದ್ಯುತ್ ಸಂಪರ್ಕ, ಅರ್ಥಿಂಗ್: 50,000
ಎರಡನೇ ಚಾವಣಿ, ಜಗಲಿ: 1,50,000

ಒಟ್ಟು 12,20,200. ಚದರ ಅಡಿಗೆ 1,600 ಎಂದು ಶುರುವಾದದ್ದು 3,050ಕ್ಕೆ ಬಂದು ನಿಂತಿತು. ಮೇಸ್ತ್ರಿ ಹೇಳುವ ಚದರ ಅಡಿ ದರದಲ್ಲಿ ಪಾಯವೂ ಕೊಳವೆ ಕೆಲಸವೂ ಸಾಮಾನ್ಯವಾಗಿ ಸೇರಿರುತ್ತವೆ, ಕಂಪನಿಯ ದರದಲ್ಲಿ ಸೇರಿರುವುದಿಲ್ಲ. ಆದ್ದರಿಂದ ಇಬ್ಬರಿಂದಲೂ ಇದೇ ಪಟ್ಟಿಗೆ ಉತ್ತರ ಬರೆಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಸಣ್ಣ ಮನೆಯಾದಷ್ಟೂ ಈ ಹೊರಗಿನ ಖರ್ಚುಗಳ ಪಾಲು ಹೆಚ್ಚುತ್ತದೆ ಎಂಬುದೂ ಆಗ ಕಣ್ಣಿಗೆ ಬೀಳುತ್ತದೆ. ಪ್ರಿಫ್ಯಾಬ್ ಕಡೆಗೆ ತಕ್ಕಡಿ ವಾಲಿಸುವ ಒಂದು ಅಂಶವನ್ನೂ ಬರೆದಿಡಿ: ಮನೆ ಕಟ್ಟುವ ತಿಂಗಳುಗಳಲ್ಲಿ ನೀವು ಕಟ್ಟುವ ಬಾಡಿಗೆ, ಕೆಲಸ ಬಿಟ್ಟು ಮೇಲ್ವಿಚಾರಣೆಗೆ ಓಡಾಡುವ ಖರ್ಚು. ದೂರದ ಊರಿನಲ್ಲಿ ನೌಕರಿ ಮಾಡುವವರಿಗೆ ಇದು ಸಣ್ಣ ಮೊತ್ತವಲ್ಲ. ವಿದೇಶದಲ್ಲಿದ್ದು ಊರಿನಲ್ಲಿ ತಂದೆತಾಯಿಗೆ ಮನೆ ಮಾಡಿಸುವವರಿಗಂತೂ ಇದೊಂದೇ ಕಾರಣ ಸಾಕಾಗಬಹುದು.

ಸಾಲದ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಬ್ಯಾಂಕು ಗೃಹಸಾಲ ಕೊಡುವುದು ಅನುಮೋದಿತ ನಕ್ಷೆಯಿರುವ, ನೆಲಕ್ಕೆ ಕಟ್ಟಿಕೊಂಡ ಸ್ಥಿರಾಸ್ತಿಗೆ. ಎತ್ತಿ ಒಯ್ಯಬಹುದಾದ ಕ್ಯಾಬಿನ್ ಅದರ ಕಣ್ಣಿಗೆ ಚರಾಸ್ತಿ. ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದು, ಹಾಗಾಗಿ ಅಲ್ಲಿ ಬ್ಯಾಂಕುಗಳು ಇನ್ನೂ ಹಿಂಜರಿಯುತ್ತವೆ. ಉಳಿಯುವುದು ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ. ಪರಿವರ್ತಿತ ನಿವೇಶನದಲ್ಲಿ ಎಲ್‌ಜಿಎಸ್‌ಎಫ್ ಅಥವಾ ಪ್ರಿಕಾಸ್ಟ್ ಮನೆ ಮಾಡಿಸುವವರು ಮಾತ್ರ ನಕ್ಷೆ ಹಿಡಿದು ಬ್ಯಾಂಕಿಗೆ ಹೋಗಿ ಕೇಳಬಹುದು. ಮರುಮಾರಾಟದಲ್ಲೂ ಇದೇ ಕಥೆ. ಕೊಳ್ಳುವವರು ನೆಲಕ್ಕೆ ಬೆಲೆ ಕಟ್ಟುತ್ತಾರೆ, ತಗಡಿನ ಮನೆಗೆ ಅಷ್ಟಾಗಿ ಕಟ್ಟುವುದಿಲ್ಲ.

ಹಂತ 8: ಹಳೆಯ ಮನೆಯನ್ನು ಹೋಗಿ ನೋಡಿ, ಆಮೇಲೆ ಕರಾರು

ಕಂಪನಿಯ ಪ್ರದರ್ಶನದ ಮನೆ ನೋಡಿ ತೀರ್ಮಾನಿಸಬೇಡಿ. ಅವರೇ ಮಾಡಿಕೊಟ್ಟ, ಮೂರು ನಾಲ್ಕು ಮಳೆಗಾಲ ಕಂಡ ಮನೆಯೊಂದನ್ನು ನಿಮ್ಮ ಹವೆಯ ಊರಿನಲ್ಲಿಯೇ ತೋರಿಸಲು ಹೇಳಿ. ತೋರಿಸಲು ಒಪ್ಪದ ಕಂಪನಿಯನ್ನು ಅಲ್ಲಿಗೇ ಬಿಡಿ. ಹೋದಾಗ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಒಳಗೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನೆಲದ ಮೇಲೆ ಜೋರಾಗಿ ಹೆಜ್ಜೆ ಹಾಕಿ ನೋಡಿ, ಅಲುಗಿದರೆ ಅಡಿಯ ಚೌಕಟ್ಟು ತೆಳು ಎಂದರ್ಥ. ಕಿಟಕಿಯ ಕೆಳಮೂಲೆಗಳಲ್ಲಿ ನೀರಿನ ಕಲೆ, ಮನೆಯ ಅಡಿಯಲ್ಲಿ ತುಕ್ಕು, ಬಚ್ಚಲಿನ ಹೊರಗೋಡೆಯ ಬುಡ ಈ ಮೂರನ್ನೂ ಬಗ್ಗಿ ನೋಡಿ. ಮನೆಯೊಡತಿಯನ್ನು ಮಾತನಾಡಿಸಿ. ಗೋಡೆಗೆ ಮೊಳೆ ಹೊಡೆಯಲಾಗುತ್ತದೆಯೇ, ಮಿಕ್ಸಿ ಇಡುವ ಕಟ್ಟೆ ಅಲುಗುತ್ತದೆಯೇ, ದೂರು ಕೊಟ್ಟಾಗ ಕಂಪನಿಯವರು ಬಂದರೇ ಎಂಬುದನ್ನು ಅಲ್ಲಿ ದಿನವೂ ಅಡುಗೆ ಮಾಡುವವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಕರಾರಿನಲ್ಲಿ ಒಳ್ಳೆಯ ಗುಣಮಟ್ಟ ಎಂಬಂಥ ಮಾತು ಬೇಡ, ಅಂಕಿ ಬೇಕು. ತಗಡಿನ ದಪ್ಪ ಎಷ್ಟು ಮಿಲಿಮೀಟರ್, ಅದು ಬಣ್ಣ ಸೇರಿಸಿಯೋ ಬಿಟ್ಟೋ, ಲೇಪನ ಎಷ್ಟು ಗ್ರಾಂ, ನಿರೋಧಕ ಯಾವುದು, ಎಷ್ಟು ದಪ್ಪ, ತಳದ ಚೌಕಟ್ಟಿನ ಅಳತೆ ಏನು, ತಂತಿ ಯಾವ ಗಾತ್ರದ್ದು. ಸಾಗಣೆಯಲ್ಲಿ ಜಖಂ ಆದರೆ ಯಾರ ಹೊಣೆ, ಸೋರಿದರೆ ಎಷ್ಟು ದಿನದಲ್ಲಿ ಬಂದು ಸರಿಪಡಿಸಬೇಕು ಎಂಬುದೂ ಬರಹದಲ್ಲಿರಲಿ. ಹಣವನ್ನು ಕಂತುಗಳಲ್ಲಿ ಕೊಡಿ: ಮುಂಗಡ ಸ್ವಲ್ಪ, ಕಾರ್ಖಾನೆಗೆ ಹೋಗಿ ತಯಾರಾದ ಚೌಕಟ್ಟನ್ನು ಕಣ್ಣಾರೆ ನೋಡಿದ ಮೇಲೆ ಇನ್ನಷ್ಟು, ಜಾಗಕ್ಕೆ ಬಂದು ಕೂತ ಮೇಲೆ ಮತ್ತೊಂದಿಷ್ಟು. ಒಳಹಲಗೆ ಹೊಡೆಯುವ ಮುನ್ನವೇ ಕಾರ್ಖಾನೆಗೆ ಹೋಗುವುದು ಮುಖ್ಯ, ಆಮೇಲೆ ಹೋದರೆ ಬೆಸುಗೆಯಾಗಲಿ ತಂತಿಯಾಗಲಿ ನಿರೋಧಕವಾಗಲಿ ಕಾಣುವುದಿಲ್ಲ.

ಶೇಕಡಾ 10ರಷ್ಟು ಹಣವನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವ ಷರತ್ತು ಹಾಕಿ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ, ಕೊನೆಗೆ ಶೇಕಡಾ 5ಕ್ಕಾದರೂ ಒಪ್ಪಿಸಿ. ಮನೆ ಒಪ್ಪಿಸಿಕೊಳ್ಳುವ ದಿನ ಪೈಪು ಹಿಡಿದು ಚಾವಣಿಗೆ, ನಾಲ್ಕೂ ಗೋಡೆಗಳಿಗೆ, ಕಿಟಕಿಗಳಿಗೆ ಅರ್ಧ ಗಂಟೆ ನೀರು ಹಾಯಿಸಿ ಒಳಗೆ ನಿಂತು ನೋಡಿ. ತಂತಿ ಮತ್ತು ಕೊಳವೆಗಳು ಗೋಡೆಯೊಳಗೆ ಎಲ್ಲೆಲ್ಲಿ ಹಾದಿವೆ ಎಂಬ ನಕ್ಷೆ, ಜಿಎಸ್‌ಟಿ ಬಿಲ್ಲು, ವಾರಂಟಿ ಪತ್ರ, ಅರ್ಥಿಂಗ್ ಅಳತೆಯ ವರದಿ, ಬಳಸಿದ ಬಣ್ಣದ ಸಂಖ್ಯೆ, ನಾಲ್ಕೈದು ಹೆಚ್ಚುವರಿ ತಗಡಿನ ತುಂಡುಗಳು ಮತ್ತು ತಿರುಪುಗಳನ್ನು ಅಂದೇ ಪಡೆದುಕೊಂಡು ಸಹಿ ಹಾಕಿ.